ಗುದ್ದಾಟದ ಸೇತುವೆಯ ಮೇಲೆ

ವೆನಿಸ್ ನಗರವನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೆ ದುಬೈಯಲ್ಲಿ ಒಂದು ಚಳಿಗಾಲವಿಡೀ ಜನರನ್ನು ಅದರ ಬೀದಿಗಳಲ್ಲಿ ನಡೆಸಿಕೊಂಡು ಹೋಗಿದ್ದೇನೆ. ಅದು ತೊಂಬತ್ತರ ದಶಕದ ಕೊನೆ. ಊರಾಚೆಯ ಮರಳು ಬಯಲಿನಲ್ಲಿ ಒಂದು ಮನರಂಜನಾ ಕಂಪನಿಯವರು ಪ್ಲೈವುಡ್, ಫೈಬರ್, ಪ್ಲಾಸ್ಟರ್ ಬಳಸಿ ವೆನಿಸ್ಸನ್ನು ಕಟ್ಟಿ ನಿಲ್ಲಿಸಿದ್ದರು. ಚೌಕ, ಚೌಕದ ಮೂಲೆಗೆ ಗಂಟೆಗೋಪುರ, ಅಂಗಡಿಗಳನ್ನು ಹೊತ್ತ ದೊಡ್ಡ ಕಮಾನಿನ ಸೇತುವೆ, ಸೆರೆಮನೆಗೆ ಹೋಗುವ ಕೈದಿಗಳು ನಿಟ್ಟುಸಿರು ಬಿಡುತ್ತಿದ್ದರೆನ್ನುವ ಮುಚ್ಚಿದ ಸೇತುವೆ. ಇವುಗಳ ನಡುವೆ ಸೊಂಟದಾಳದ ಕಾಲುವೆ, ಅದರಲ್ಲಿ ಕರಿ ದೋಣಿಗಳು. ಕರಿ ನಿಲುವಂಗಿ ತೊಟ್ಟು, ಕೋಲಿಗೆ ಕಟ್ಟಿದ ಬಿಳಿ ಮುಖವಾಡವನ್ನು ಎತ್ತಿ ಹಿಡಿದು, ಪ್ರೇಕ್ಷಕರ ಗುಂಪಿನ ಮುಂದೆ ನಡೆಯುತ್ತ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಕಥೆ ಹೇಳುವುದು ನನ್ನ ಕೆಲಸ. ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಅಭ್ಯಾಸ ಮಾಡುವಾಗ ನನ್ನ ಮಗಳು, "ಮಮ್ಮೀ, ಯು ಸೌಂಡ್ ಲೈಕ್ ದಿ ಏರ್‌ಪೋರ್ಟ್" ಎಂದು ನಗುತ್ತಿದ್ದಳು.

ಪ್ರವಾಸದ ಕೊನೆಯ ತಾಣವೇ ನನ್ನ ತಲೆನೋವು. ಅದು ಗುದ್ದಾಟದ ಸೇತುವೆ. ಮುನ್ನೂರು ವರ್ಷಗಳ ಹಿಂದೆ ವೆನಿಸ್ಸಿನ ಜನ ಎರಡು ಬಣವಾಗಿದ್ದರಂತೆ. ಹಡಗು ಕಟ್ಟುವವರದು ಒಂದು, ಮೀನು ಹಿಡಿಯುವವರದು ಇನ್ನೊಂದು. ಇಬ್ಬರೂ ತಡೆಗೋಡೆ ಇಲ್ಲದ ಸೇತುವೆಗಳ ಮೇಲೆ ನಿಂತು ಬರಿಗೈಯಲ್ಲಿ ಗುದ್ದಾಡುತ್ತಿದ್ದರು. ಸೋತವನು ಕಾಲುವೆಗೆ ಬೀಳುತ್ತಿದ್ದ, ಕೆಲವರು ತಲೆಯೊಡೆದು ಸಾಯುತ್ತಲೂ ಇದ್ದರು. ಜಗಳಕ್ಕೆ ಎಲ್ಲಿ ನಿಲ್ಲಬೇಕೆಂದು ತೋರಿಸಲು ಅಲ್ಲಿಯ ಒಂದು ಸೇತುವೆಯ ಕಲ್ಲಿನಲ್ಲಿ ಪಾದದ ಗುರುತುಗಳನ್ನೇ ಕೂರಿಸಿದ್ದಾರೆ. ನಮ್ಮವರು ಅದನ್ನೂ ಬಿಡದೆ ನಕಲು ಮಾಡಿದ್ದರು.

ನಮ್ಮ ಮ್ಯಾನೇಜರ್‌ಗೆ ಇಡೀ ವೆನಿಸ್ಸಿನಲ್ಲಿ ಹಿಡಿಸಿದ್ದು ಈ ಸೇತುವೆಯೊಂದೇ. ಮಂಗಳೂರು ಕಡೆಯ ಕೊಂಕಣಿ ಮನುಷ್ಯ, ಹೋಟೆಲ್ ಕೆಲಸ ಬಿಟ್ಟು ಇಲ್ಲಿಗೆ ಬಂದವರು. ಗಲಾಟೆ ಇಲ್ಲದ ಕಡೆ ಅವರಿಗೆ ಜೀವ ನಿಲ್ಲುತ್ತಿರಲಿಲ್ಲ.

"ಗಂಟೆ, ಚೌಕ, ಬ್ರಿಜ್ ಎಲ್ಲ ನೋಡಿ ಪಬ್ಲಿಕ್ ಆಕಳಿಸ್ತದೆ ಮೇಡಂ. ಲಾಸ್ಟಿಗೆ ಒಂದು ಒಳ್ಳೆ ಪೆಟ್ಟು ಬೀಳ್ಬೇಕು. ಆಗ ಮಾತ್ರ ಅವರು ಮನೆಗೆ ಹೋಗಿ ನಾಲ್ಕು ಜನರ ಹತ್ರ ಹೇಳುವುದು" ಎನ್ನುತ್ತಿದ್ದರು.

ಮೊದಲ ವಾರ ಏಜೆನ್ಸಿಯಿಂದ ಬಂದ ಹುಡುಗರು ಬಣ್ಣದ ಚಡ್ಡಿ ತೊಟ್ಟು ಗುದ್ದಾಡಿದರು. ಗುದ್ದಾಟವೆಲ್ಲಿ ಬಂತು, ಪರಸ್ಪರರ ಭುಜದ ಧೂಳು ಕೊಡವಿದ ಹಾಗಿತ್ತು. ಮುಂದಿನ ಸಾಲಿನ ಮಕ್ಕಳು "ಫೇಕ್! ಫೇಕ್!" ಎಂದು ಕೂಗಿದರು. ಮ್ಯಾನೇಜರ್‌ಗೆ ಅವಮಾನವಾಯಿತು. ನಿಜವಾಗಿ ಹೊಡೆಯಿರಿ ಎಂದು ಅಪ್ಪಣೆಯಾಯಿತು. ಅವತ್ತು ಸಂಜೆ ಒಬ್ಬನ ಮೂಗು ಒಡೆದು ನೆತ್ತರು ಬಿಳಿ ಪ್ಲಾಸ್ಟರಿನ ಮೇಲೆ ಚಿಮ್ಮಿತು. ಮರುದಿನ ಇನ್ನೊಬ್ಬ ಕಾಲುವೆಗೆ ಬೀಳುವಾಗ ಅಂಚಿಗೆ ಹಣೆ ಬಡಿದುಕೊಂಡು, ನೀರಿನಿಂದ ಎದ್ದಾಗ ಮುಖವೇ ಕಾಣಿಸದಷ್ಟು ರಕ್ತ. ನನ್ನ ಗುಂಪಿನ ಒಬ್ಬ ಹೆಂಗಸು ಕಿರುಚಿ ಮಗುವಿನ ಕಣ್ಣು ಮುಚ್ಚಿದಳು. ಮೂರನೆಯ ದಿನ ಹುಡುಗರು ಬರಲೇ ಇಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು ಎಂದು ನನಗನಿಸಿತು.

ಗಂಟೆಗೋಪುರಕ್ಕೆ ಪೈಪು ಕಟ್ಟುವ ಕೆಲಸದಲ್ಲಿದ್ದ ಒಬ್ಬರನ್ನು ನಾನು ಗಮನಿಸಿದ್ದು ಆ ದಿನವೇ. ನಲವತ್ತರ ಹತ್ತಿರದ ಗಂಡಸು. ಎರಡಾಳು ಎತ್ತುವ ಪೈಪನ್ನು ಒಬ್ಬರೇ ಹೆಗಲಿಗೇರಿಸಿ ನಡೆಯುತ್ತಿದ್ದರು. ನಾನು ನೋಡಿದ್ದು ಹೆಗಲನ್ನಲ್ಲ, ಕಿವಿಯನ್ನು. ಎರಡೂ ಕಿವಿ ಮುರಿದು, ಮುದುಡಿ, ಗಟ್ಟಿಯಾಗಿದ್ದವು. ಅಂಥ ಕಿವಿ ಕುಸ್ತಿ ಆಡಿದವರಿಗೆ ಮಾತ್ರ ಆಗುತ್ತದೆ.

"ಯಾವ ತಾಲೀಮಿನವ್ರು ಅಣ್ಣಾರ?" ಎಂದೆ.

ಅವರು ಪೈಪು ಕೆಳಗಿಟ್ಟು ನನ್ನ ನಿಲುವಂಗಿಯನ್ನೂ ಮುಖವಾಡವನ್ನೂ ನೋಡಿದರು. "ಈ ವೇಷದಾಗ ನಮ್ಮ ಕಡೆ ಮಾತ ಎಲ್ಲಿಂದ ಬಂತ್ರಿ?" ಎಂದರು.

ತಾಲೀಮು ಎಂದರೆ ನಮ್ಮ ಕಡೆ ಗರಡಿಮನೆ. ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ ನನ್ನ ತಂದೆ ತಾಲೀಮಿನ ವಸ್ತಾದರು, ಅಂದರೆ ಹುಡುಗರಿಗೆ ಕುಸ್ತಿ ಕಲಿಸುವ ಗುರು. ಹೆಣ್ಣುಮಕ್ಕಳು ಅದರ ಹೊಸ್ತಿಲು ತುಳಿಯುವಂತಿರಲಿಲ್ಲ. ನಾನು ಮಾಳಿಗೆಯ ಮೇಲೆ ಬೋರಲು ಮಲಗಿ ಬೆಳಕಿಂಡಿಯಿಂದ ಎಲ್ಲವನ್ನೂ ನೋಡಿ ಬೆಳೆದವಳು. ತಂದೆಯ ಹೆಸರು ಹೇಳಿದ ಕೂಡಲೇ ಪೈಲ್ವಾನರ ಮುಖ ಅರಳಿತು. ಅವರು ಪಕ್ಕದ ತಾಲೂಕಿನವರು. ನನ್ನಪ್ಪ ಪಂಚರಾಗಿ, ಅಂದರೆ ತೀರ್ಪುಗಾರರಾಗಿ, ನಿಂತ ಕಣದಲ್ಲಿ ಹರೆಯದಲ್ಲಿ ಕುಸ್ತಿ ಹಿಡಿದಿದ್ದರಂತೆ.

ಸೇತುವೆಯ ಮೇಲಿನ ಕೆಲಸದ ವಿಷಯ ತೆಗೆದೆ. ಕಥೆಯ ಪ್ರಕಾರ ಅವರು ಹಡಗು ಕಟ್ಟುವವನ ವೇಷದಲ್ಲಿ ಗುದ್ದಾಡಿ, ಮೀನುಗಾರನಿಗೆ ಸೋತು, ಪ್ರತಿ ಆಟದಲ್ಲೂ ಕಾಲುವೆಗೆ ಬೀಳಬೇಕು. 

"ಬೀಳ್ತೀನ್ರಿ ಅಕ್ಕಾರ, ಅದರಾಗೇನೈತಿ. ಆದ್ರ ಮೂರ ಮಾತ. ಕೈಗೆ ಕೈ ಕೂಡಸಂಗಿಲ್ಲ. ಮಣ್ಣ ಮುಟ್ಟಿ ಹಣಿಗೆ ಹಚ್ಕೊಳ್ಳಂಗಿಲ್ಲ. ಯಾರೂ ತೊಡಿ ತಟ್ಟಂಗಿಲ್ಲ. ಇವು ಬಂದ್ವಂದ್ರ ಅದು ಕುಸ್ತಿ. ಕುಸ್ತಿಯೊಳಗ ನಾ ಬೇಕಂತ ಬೀಳಂಗಿಲ್ಲ."

"ಇವು ಇಲ್ಲಂದ್ರ?"

"ಇಲ್ಲಂದ್ರ ಕೂಲಿ. ಪೈಪ್ ಹೊರೂದು, ನೀರಾಗ ಬೀಳೂದು, ಎಲ್ಲಾ ಒಂದ."

ನನಗೆ ಅದು ಅರ್ಥವಾಯಿತು. ನಮ್ಮ ಕಡೆ ತೊಡೆ ತಟ್ಟುವುದು ಎಂದರೆ ಹತ್ತು ಊರಿನ ಎದುರು ಸವಾಲು ಹಾಕಿದ ಹಾಗೆ. ಎದುರಿನವನು ಉತ್ತರ ಕೊಡಲೇಬೇಕು. ಕೊಡದೆ ಹೋದರೆ, ಅಥವಾ ಮೊದಲೇ ಮಾತಾಡಿಕೊಂಡು ಬಿದ್ದರೆ, ಅವನಿಗೂ ಅವನ ವಸ್ತಾದನಿಗೂ ಊರಿನಲ್ಲಿ ಮುಖವಿಲ್ಲ. ಮ್ಯಾನೇಜರ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಲೆಕ್ಕದ ಪುಸ್ತಕದಿಂದ ಕಣ್ಣು ತೆಗೆಯದೆ, "ಆಯ್ತು ಆಯ್ತು ಮೇಡಂ, ಪೂಜೆ ಗೀಜೆ ಮಾಡಿಸ್ಬೇಕಿದ್ರೂ ಹೇಳಿ" ಎಂದು ನಕ್ಕರು.

ಎದುರಾಳಿಯಾಗಿ ಬಂದವನು ನಮ್ಮ ಕಾಲುವೆಯ ದೋಣಿಯವ. ಮಲ್ಪೆ ಕಡೆಯ ಹುಡುಗ, ಇಪ್ಪತ್ತೈದರ ಆಸುಪಾಸು, ಬಲೆ ಎಳೆದು ಬಲಿತ ತೋಳು. ಎಲ್ಲದಕ್ಕೂ ನಗುವವನು. ಪಟ್ಟೆ ಅಂಗಿ ತೊಟ್ಟು ದೋಣಿ ನಡೆಸುತ್ತ ತುಳು ಹಾಡನ್ನು ಇಟಲಿಯ ಹಾಡೆಂದು ಪ್ರೇಕ್ಷಕರಿಗೆ ದಾಟಿಸುತ್ತಿದ್ದ. ಮಳೆಗಾಲ ಕಳೆದ ಮೇಲೆ ಊರಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಬಣ್ಣ ಹಚ್ಚುತ್ತಿದ್ದೆ ಎಂದು ಒಮ್ಮೆ ಹೇಳಿದ್ದ.

ಪೈಲ್ವಾನರು ಅವನನ್ನು ತಯಾರು ಮಾಡಿದರು. ಮುಷ್ಟಿಯನ್ನು ಪೂರ್ತಿ ಬಿಗಿಯದೆ ಎದೆಯ ಮಾಂಸಖಂಡದ ಮೇಲೆ ಹೊಡೆದರೆ ಸದ್ದು ದೊಡ್ಡದು, ನೋವು ಕಡಿಮೆ. ಮುಖಕ್ಕೆ ಬೀಸಿದ ಕೈ ಕಿವಿಯ ಪಕ್ಕ ಹಾದು ಹೋಗಬೇಕು. ಬೀಳುವಾಗ ಗದ್ದ ಎದೆಗೆ ಒತ್ತಿಕೊಂಡಿರಬೇಕು, ಬೆನ್ನು ಕಮಾನಾಗಬೇಕು. ಕಾಲುವೆಯ ತಳದಲ್ಲಿ ಫೋಮಿನ ಹಾಸಿಗೆ ಕಟ್ಟಿಸಿದರು. ಸೇತುವೆಯ ಪ್ಲೈವುಡ್ಡಿನ ಕೆಳಗೂ ಫೋಮು ತುಂಬಿಸಿದರು. ಎರಡೇ ವಾರದಲ್ಲಿ ಆಟ ಕುದುರಿತು. ಎದೆಯ ಮೇಲೆ ಬೀಳುವ ಪೆಟ್ಟಿನ ಸದ್ದಿಗೆ ಹಿಂದಿನ ಸಾಲಿನವರೂ ಬೆಚ್ಚುತ್ತಿದ್ದರು. ಪೈಲ್ವಾನರು ಗಾಳಿಯಲ್ಲಿ ತಿರುಗಿ ಕಾಲುವೆಗೆ ಬಿದ್ದಾಗ ನೀರು ಜನರ ಮೈಮೇಲೆ ಹಾರುತ್ತಿತ್ತು. "ಯಲ್ಲಾ, ಯಲ್ಲಾ!" ಎಂದು ಗದ್ದಲ. ನೀರಿನಿಂದ ಎದ್ದು ಬಂದ ಪೈಲ್ವಾನರು ಟವೆಲ್ಲಿನಿಂದ ತಲೆ ಒರೆಸಿಕೊಂಡು ನನ್ನ ಬಳಿ, "ಇವತ್ತಿನ ಕೂಲಿ ಖಲಾಸ್ ಅಕ್ಕಾರ" ಎನ್ನುತ್ತಿದ್ದರು.

ಜನವರಿಯಲ್ಲಿ ಗಾಳಿ ಬಂತು. ಮರಳನ್ನು ಹೊತ್ತು ಬೀಸುವ ಶಮಾಲ್ ಗಾಳಿ. ಮಧ್ಯಾಹ್ನದ ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸಿ ಜನರನ್ನು ಟಿಕೆಟ್ ಮನೆಯ ಹಿಂದಕ್ಕೆ ಓಡಿಸಿದೆವು. ಕಣ್ಣೆದುರೇ ಗಂಟೆಗೋಪುರ ಒಂದು ಸಲ ನರಳಿ ನಡುವಿನಿಂದ ಮುರಿಯಿತು. ಪ್ಲೈವುಡ್ ಹಾಳೆಗಳು ಬ್ಲೇಡಿನ ಹಾಗೆ ಹಾರಿದವು. ಒಂದು ಹಾಳೆ ಖರ್ಜೂರದ ಗಿಡದ ತಲೆಯನ್ನು ಹಾರಿಸಿತು, ಇನ್ನೊಂದು ಮ್ಯಾನೇಜರ್‌ರ ಹಣೆಯನ್ನು ಸೀಳಿತು. ಮುರಿದ ಗೋಪುರದ ತುದಿ ಬಂದು ಬಿದ್ದದ್ದು ಗುದ್ದಾಟದ ಸೇತುವೆಯ ಮೇಲೆ. ಸೇತುವೆ ಎರಡು ತುಂಡಾಯಿತು.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಮ್ಯಾನೇಜರ್ ಸಿಟ್ಟಿನಲ್ಲಿ ತೀರ್ಮಾನಿಸಿದರು. "ಪ್ಲೈವುಡ್ ಸಾಕು. ಸೇತುವೆ ಕಾಂಕ್ರೀಟ್ ಮಾಡಿ. ಇನ್ನು ಯಾವ ಗಾಳಿ ಬರ್ತದೆ ನೋಡುವ."

ಕಾಂಕ್ರೀಟು ಒಣಗಿದ ದಿನ ಪೈಲ್ವಾನರು ಬರಿಗಾಲಿನಲ್ಲಿ ಅದರ ಮೇಲೆ ನಡೆದರು. ಹಿಮ್ಮಡಿಯಿಂದ ಎರಡು ಸಲ ಗುದ್ದಿ ನೋಡಿದರು. ನಮ್ಮ ತಾಲೀಮಿನ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿರುತ್ತಾರೆ. ಅದರ ಮೇಲೆ ಎತ್ತಿ ಒಗೆದರೂ ಮನುಷ್ಯ ಎದ್ದು ನಿಲ್ಲುತ್ತಾನೆ.

"ಇದರ ಮ್ಯಾಲ ಒಗದ್ರ ಮನಷ್ಯಾ ಉಳಿಯಂಗಿಲ್ಲ" ಎಂದರು. "ಸೇತವಿ ಮ್ಯಾಲ ಬರೇ ಗುದ್ದು. ಎತ್ತೂದು ಒಗಿಯೂದು ಏನಿದ್ರೂ ನೀರಿನ ಕಡೆ." ದೋಣಿಯವ ತಲೆಯಾಡಿಸಿದ. ಹಾಗೆಯೇ ಆಟ ಮುಂದುವರಿಯಿತು.

ಕೆಲವು ದಿನಗಳ ನಂತರ ಪ್ರಾಯೋಜಕರ ಕಡೆಯ ಅತಿಥಿಗಳು ಬರುವ ಸಂಜೆ ಬಂತು. ಅವತ್ತು ಬೆಳಗಿನಿಂದ ನಾನು ಶಾಲಾ ಮಕ್ಕಳ ಗುಂಪುಗಳನ್ನು ನಡೆಸುತ್ತಿದ್ದೆ. ಆಟದ ಅಭ್ಯಾಸ ನೋಡಲು ಸೇತುವೆಯ ಕಡೆ ಹೋಗಲಿಲ್ಲ. ಆಮೇಲೆ ತಿಳಿದದ್ದು ಇಷ್ಟು. ಮ್ಯಾನೇಜರ್ ದೋಣಿಯವನನ್ನು ಒಬ್ಬನನ್ನೇ ಕರೆದು, ಇವತ್ತು ಏನಾದರೂ ಎಕ್ಸ್‌ಟ್ರಾ ಬೇಕು ಎಂದಿದ್ದಾರೆ. ಅವನು ತನಗೆ ಗೊತ್ತಿದ್ದದ್ದನ್ನು ನೆನಪಿಸಿಕೊಂಡಿದ್ದಾನೆ. ಅವನ ಊರಿನ ರಂಗಸ್ಥಳದಲ್ಲಿ ಭೀಮ ತೊಡೆ ತಟ್ಟಿ ಅಬ್ಬರಿಸುತ್ತಾನೆ, ಚೆಂಡೆ ಬಡಿಯುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ. ಆಟ ಮುಗಿದ ಮೇಲೆ ಭೀಮನೂ ಕೌರವನೂ ಒಂದೇ ಪಾತ್ರೆಯ ಚಹಾ ಕುಡಿಯುತ್ತಾರೆ. ಅವನ ಲೆಕ್ಕದಲ್ಲಿ ಅದು ಆಟದ ಅಂದ, ಅಷ್ಟೇ. ಪೈಲ್ವಾನರಿಗೆ ಹೇಳದೆ ಮಾಡಿದರೆ ಇನ್ನೂ ಗಮ್ಮತ್ತು ಎಂದು ಮ್ಯಾನೇಜರ್ ಸೇರಿಸಿದ್ದಾರೆ.

ಸೂರ್ಯಾಸ್ತದ ಮಗ್ರಿಬ್ ಪ್ರಾರ್ಥನೆ ಮುಗಿದ ಮೇಲೆ ನಾನು ಅತಿಥಿಗಳ ಗುಂಪನ್ನು ನಡೆಸಿಕೊಂಡು ಹೊರಟೆ. ಚೌಕ ಮುಗಿಯಿತು, ದೊಡ್ಡ ಸೇತುವೆ ಮುಗಿಯಿತು. ನಿಟ್ಟುಸಿರಿನ ಸೇತುವೆಯ ಕೆಳಗೆ ನಿಂತು ಕೈದಿಗಳ ಕಥೆ ಹೇಳಿ, ಗುಂಪನ್ನು ಗುದ್ದಾಟದ ಸೇತುವೆಯ ಎದುರಿನ ಮೆಟ್ಟಿಲುಗಳ ಮೇಲೆ ಕೂರಿಸಿದೆ. ಆಚೆ ದಂಡೆಯಲ್ಲೂ ಜನ ತುಂಬಿದ್ದರು. ಇಬ್ಬರೂ ಬಂದು ಪಾದದ ಗುರುತುಗಳ ಮೇಲೆ ಕಾಲಿಟ್ಟರು. ನಾನು ಮೈಕಿನಲ್ಲಿ ಬಣಗಳ ಹೆಸರು ಹೇಳುತ್ತಿದ್ದೆ.

ಆಗ ದೋಣಿಯವ ಒಂದು ಹೆಜ್ಜೆ ಹಿಂದೆ ಸರಿದು, ಜನರ ಕಡೆ ತಿರುಗಿ, ಬಲತೊಡೆಯ ಮೇಲೆ ಫಟ್ ಎಂದು ತಟ್ಟಿದ. ಮತ್ತೆ ತಟ್ಟಿದ. ಬೆರಳು ಮಡಿಸಿ ಪೈಲ್ವಾನರನ್ನು ಕರೆದ.

ಜನ ಹೋ ಎಂದು ಕೂಗಿದರು. ನಾನು ಮೈಕ್ ಕೆಳಗಿಳಿಸಿದೆ.

 ಪೈಲ್ವಾನರು ನಿಧಾನಕ್ಕೆ ಬಗ್ಗಿ ಕಾಂಕ್ರೀಟನ್ನು ಮುಟ್ಟಿ, ಆ ಬೆರಳನ್ನು ಹಣೆಗೆ ಒತ್ತಿಕೊಂಡರು.  ಇನ್ನು ಇದು ಕೂಲಿಯಲ್ಲ ಎಂದು ಅಲ್ಲಿದ್ದವರಲ್ಲಿ ಅವರಿಗೂ ನನಗೂ ಮಾತ್ರ ಗೊತ್ತಿತ್ತು.

ದೋಣಿಯವ ನಗುತ್ತಲೇ ಎದೆಗೆ ಒಂದು ಗುದ್ದು ಹಾಕಿದ. ಪೈಲ್ವಾನರು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಅವರ ಅಂಗೈ ಅವನ ಮುಖಕ್ಕೆ ಬಿತ್ತು. ಕಿವಿಯ ಪಕ್ಕ ಹಾದು ಹೋಗಲಿಲ್ಲ, ನೇರ ಮೂಗಿಗೆ. ಮೂಳೆ ಮುರಿದ ಸದ್ದು ನನ್ನ ತನಕ ಕೇಳಿಸಿತು. ಅವನು ತೂರಾಡಿ ಮೂಗು ಮುಟ್ಟಿಕೊಂಡು, ಕೈಯಲ್ಲಿ ಮೆತ್ತಿದ ನೆತ್ತರನ್ನು ನೋಡಿದ. ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. "ಅಣ್ಣಾ, ಎಂತದು ಇದು?" ಎಂದ. ಉತ್ತರವಾಗಿ ಪಕ್ಕೆಲುಬಿಗೆ ಮೊಣಕಾಲು ಬಂತು. ಅವನು ಮಡಚಿಕೊಂಡ. ಕೂದಲು ಹಿಡಿದು ಎತ್ತಿ ಮತ್ತೊಂದು.

ನೋವಿನಲ್ಲಿ ಅವನಿಗೂ ಕಣ್ಣು ಕತ್ತಲಾಗಿರಬೇಕು. ತಲೆಯಿಂದ ಪೈಲ್ವಾನರ ಹುಬ್ಬಿಗೆ ಗುದ್ದಿದ. ಹುಬ್ಬು ಹರಿದು ರಕ್ತ ಅವರ ಕಣ್ಣಿಗಿಳಿಯಿತು. ಇಬ್ಬರೂ ಅಪ್ಪಿಕೊಂಡು ಮಗ್ಗುಲಾಗಿ ಬಿದ್ದರು. ಕಾಂಕ್ರೀಟಿಗೆ ತಿಕ್ಕಿ ಮೊಣಕೈ ಚರ್ಮ ಕಿತ್ತುಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅತಿಥಿಯೊಬ್ಬರು ಪಕ್ಕದವರಿಗೆ, "ವಾಟ್ ಮೇಕಪ್!" ಎಂದದ್ದು ಕೇಳಿಸಿತು. ಆಚೆಯಿಂದ ಮ್ಯಾನೇಜರ್ ನನಗೆ ಹೆಬ್ಬೆರಳು ಎತ್ತಿ ತೋರಿಸಿದರು. ಆ ಹೆಬ್ಬೆರಳನ್ನು ಕಚ್ಚಿ ಹಾಕುವಷ್ಟು ಸಿಟ್ಟು ಬಂತು.

ಮೈಕಿನಲ್ಲಿ "ಸ್ಟಾಪ್" ಎಂದೆ, "ಬಸ್ ಕರೋ" ಎಂದೆ. ಜನ ಅದನ್ನೂ ಆಟವೆಂದುಕೊಂಡರು. ಕಾವಲಿನವರಿಬ್ಬರಿಗೆ ಅನುಮಾನ ಬಂದು ಸೇತುವೆ ಹತ್ತಿದರು. ಪೈಲ್ವಾನರು ಮೊದಲನೆಯವನನ್ನು ಸೊಂಟದಲ್ಲಿ ಹಿಡಿದು ಕಾಲುವೆಗೆ ಎಸೆದರು. ಎರಡನೆಯವನು ಬಂದ ದಾರಿಯಲ್ಲೇ ಇಳಿದು ಹೋದ. ಜನರಿಗೆ ಇನ್ನೂ ಖುಷಿಯಾಯಿತು.

ಅಷ್ಟರಲ್ಲಿ ಪೈಲ್ವಾನರು ದೋಣಿಯವನ ಬಲಗೈಯನ್ನು ಹಿಂದಿನಿಂದ ತಮ್ಮ ಭುಜದ ಮೇಲೆ ಎಳೆದುಕೊಂಡರು. ಆ ಪಟ್ಟು ನನಗೆ ಗೊತ್ತು. ಅಗಸ ಬಟ್ಟೆಯನ್ನು ಬಂಡೆಗೆ ಒಗೆಯುವ ಹಾಗೆ ಎದುರಾಳಿಯನ್ನು ತಲೆಯ ಮೇಲಿನಿಂದ ತಂದು ಮುಂದಕ್ಕೆ ಬೀಳಿಸುವ ಪಟ್ಟು. ಪೈಲ್ವಾನರ ಮುಖ ನೀರಿನ ಕಡೆಗಿರಲಿಲ್ಲ, ಸೇತುವೆಯ ನಡುವಿಗಿತ್ತು. ಎತ್ತಿ ಒಗೆದರೆ ಹುಡುಗನ ಕುತ್ತಿಗೆ ಕಾಂಕ್ರೀಟಿಗೆ. ಅವನು ಸತ್ತರೆ ಇವರು ಈ ದೇಶದ ಜೈಲಿಗೆ. ಎರಡು ಮನೆ ಹಾಳು.

ನಿಲ್ಲಿಸಿ ಎಂದರೆ ಅವರು ನಿಲ್ಲಿಸುವುದಿಲ್ಲ. ಸವಾಲಿಗೆ ಬಿದ್ದ ಪೈಲ್ವಾನ ನಡುವೆ ಕೈಬಿಟ್ಟರೆ ಸೋತ ಹಾಗೆ. ಅಂಥವನ ಪಟ್ಟು ಬಿಡಿಸಲು ಒಂದೇ ದಾರಿ, ಪಂಚರ ತೀರ್ಪು. ಆದರೆ ಪಂಚರು ಎಲ್ಲಿಂದ ಬರಬೇಕು? ಹೆಂಗಸು ಕಣಕ್ಕೆ ಕಾಲಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಕೇಳಿಲ್ಲ. ಮುಖವಾಡ ಬಿಸಾಕಿ, ನಿಲುವಂಗಿ ಕಿತ್ತೆಸೆದು, ಚೂಡಿದಾರದಲ್ಲೇ ಸೇತುವೆ ಹತ್ತಿದೆ.

ಇಬ್ಬರ ನಡುವೆ ನುಗ್ಗಿ ಎರಡು ಮಣಿಕಟ್ಟುಗಳನ್ನು ಹಿಡಿದುಕೊಂಡೆ. ನಾನು ಯಾರೆಂದು ನೋಡುವ ಸ್ಥಿತಿಯಲ್ಲಿ ಪೈಲ್ವಾನರಿರಲಿಲ್ಲ. ಮೊಣಕೈ ಹಿಂದಕ್ಕೆ ಬೀಸಿದರು. ನನ್ನ ಎಡಭುಜದ ಬುಡದಲ್ಲಿ ಕಟ್ ಎಂದಿತು. ಬಾಯಿ ತುಂಬ ಕಹಿ ನೀರು ಬಂತು. ಬೀಳಲಿಲ್ಲ.

"ಬರೋಬರಿ!" ಎಂದು ಕೂಗಿದೆ. "ಜೋಡಿ ಬರೋಬರಿ! ಕೈ ಬಿಡ್ರಿ!"

ಕುಸ್ತಿ ಸಮ ಎಂದು ಪಂಚರು ಸಾರುವ ಮಾತು ಅದು. ಅದು ಮಾತ್ರ ಅವರ ಕಿವಿಗೆ ಹೋಯಿತು. ರಕ್ತ ತುಂಬಿದ ಕಣ್ಣು ತೆರೆದು ನೋಡಿದರು. ಪಟ್ಟು ಸಡಿಲಿಸಲಿಲ್ಲ.

"ಕೆಳಗ ಇಳೀರಿ ಅಕ್ಕಾರ. ಹೆಣ್ಮಕ್ಕಳು ಕಣದಾ‌ಗ ಬರಬಾರದು."

"ಬಂದಾಗೈತಿ. ಈಗೇನ ಮಾಡ್ತೀರಿ, ನನ್ನೂ ಎತ್ತಿ ಒಗೀತೀರೇನು?"

"ಯಾರ ಬೆನ್ನೂ ನೆಲಕ್ಕ ಹತ್ತಿಲ್ಲ ಇನ್ನ!"

"ಅದಕ್ಕ ಬರೋಬರಿ. ನಿಮ್ಮ ಬೆನ್ನೂ ಹತ್ತಿಲ್ಲ, ಅವನ ಬೆನ್ನೂ ಹತ್ತಿಲ್ಲ. ನಾ ವಸ್ತಾದರ ಮಗಳು, ಇಲ್ಲಿ ನಾನ ಪಂಚ. ಪಂಚರ ಮಾತ ಮೀರಿ ಕುಸ್ತಿ ಹಿಡಿಯೂದು ಯಾವ ತಾಲೀಮಿನ್ಯಾಗ ಕಲತ್ರಿ?"

ಅವರ ಭುಜದ ಮೇಲೆ ನೇತಾಡುತ್ತಿದ್ದ ದೋಣಿಯವ, "ಬಿಡಿ ಅಣ್ಣಾ, ನನಗೆ ಗೊತ್ತಿಲ್ಲ ಮಾರಾಯ್ರೆ, ದೇವರಾಣೆ ಗೊತ್ತಿಲ್ಲ" ಎಂದು ಅಳುತ್ತಿದ್ದ. ಪೈಲ್ವಾನರ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು.  ಆಮೇಲೆ ಕೈ ಸಡಿಲವಾಯಿತು. ಹುಡುಗ ಅವರ ಕಾಲ ಬುಡಕ್ಕೆ ಜಾರಿ ಕುಳಿತ.

ತೀರ್ಪು ಪೂರ್ತಿಯಾಗಬೇಕಾದರೆ ಪಂಚರು ಇಬ್ಬರ ಕೈಯನ್ನೂ ಮೇಲೆತ್ತಬೇಕು. ಬಲಗೈಯಿಂದ ಪೈಲ್ವಾನರ ಕೈ ಎತ್ತಿದೆ. ನನ್ನ ಎಡಗೈ ಏಳಲಿಲ್ಲ. ಪ್ರಯತ್ನಿಸಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಪೈಲ್ವಾನರು ಅದನ್ನು ನೋಡಿದರು. ಬಗ್ಗಿ ದೋಣಿಯವನನ್ನು ಎಬ್ಬಿಸಿ, ಅವನ ಕೈಯನ್ನು ತಾವೇ ಎತ್ತಿ ಹಿಡಿದರು. ಜನ ಸಿಳ್ಳೆ ಹಾಕಿದರು. ಆ ಸಂಜೆಯ ಗುಂಪು ಬಹಳ ಸಂತೋಷದಿಂದ ಮನೆಗೆ ಹೋಯಿತು.

ಆಸ್ಪತ್ರೆಯಲ್ಲಿ ನನ್ನ ಕಾಲರ್ ಬೋನ್ ಮುರಿದಿದೆ ಎಂದರು. ದೋಣಿಯವನಿಗೆ ಮೂಗು, ಎರಡು ಪಕ್ಕೆಲುಬು, ಉಳುಕಿದ ಕುತ್ತಿಗೆಗೆ ಪಟ್ಟಿ. ಪೈಲ್ವಾನರ ಹುಬ್ಬಿಗೆ ಹೊಲಿಗೆ. ಇಂಥ ಗಾಯಗಳು ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಹಿಂದಿ ಚೆನ್ನಾಗಿ ಬಲ್ಲ ಒಬ್ಬ ಯುವ ಅಧಿಕಾರಿ ಬಂದರು. ಸೌಜನ್ಯದಿಂದಲೇ ನಮ್ಮ ಮುಂದೆ ಕುಳಿತು, ಈ ಮೂಳೆಗಳನ್ನು ಮುರಿದವರು ಯಾರು ಎಂದು ಕೇಳಿದರು.

ಪೈಲ್ವಾನರು ಬಾಯಿ ತೆರೆಯುವ ಮೊದಲೇ ನಾನು, "ಶೋ, ಸರ್. ಆಟದಲ್ಲಿ ಕಾಲು ಜಾರಿ ಹೀಗಾಯಿತು" ಎಂದೆ. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ, "ಶೋ, ಶೋ" ಎಂದರು. ದೋಣಿಯವ ಕುತ್ತಿಗೆ ಪಟ್ಟಿಯೊಳಗಿನಿಂದಲೇ, "ನಾಟಕ್ ಥಾ ಸಾಬ್" ಎಂದ. ಅಧಿಕಾರಿ ಪೈಲ್ವಾನರ ಕಡೆ ತಿರುಗಿದರು. "ತುಮ್ ಬೋಲೋ."

ಅವರು ತಲೆ ತಗ್ಗಿಸಿ ಕುಳಿತಿದ್ದರು. ಕುಸ್ತಿ ಎಂದರೆ ಕೇಸು, ಜೈಲು, ಆಮೇಲೆ ಗಡೀಪಾರು. ನಾಟಕ ಎಂದರೆ ಸವಾಲಿಗೆ ನಿಂತು ಮಾಡಿದ ಕುಸ್ತಿಯನ್ನು ಸುಳ್ಳು ಕುಸ್ತಿ ಎಂದು ತಮ್ಮ ಬಾಯಿಂದ ತಾವೇ ಒಪ್ಪಿಕೊಂಡ ಹಾಗೆ. ಅವರ ದವಡೆ ಬಿಗಿಯುವುದು ಕಾಣುತ್ತಿತ್ತು. ಅವರು ಎಲ್ಲಿ ನಿಜ ಹೇಳಿಬಿಡುತ್ತಾರೋ ಎಂದು ನನಗೆ ಹೆದರಿಕೆ. ಹೇಳಿದರೂ ತಪ್ಪೆನ್ನಲಾರೆ ಎಂದೂ ಅನಿಸುತ್ತಿತ್ತು.

"ನಾಟಕ" ಎಂದರು ಕೊನೆಗೆ. ನೆಲ ನೋಡುತ್ತಲೇ ಎಂದರು. ಅಧಿಕಾರಿ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ ಎದ್ದು ಹೋದರು.

ಹೊರಗೆ ವರಾಂಡದಲ್ಲಿ ಪೈಲ್ವಾನರು ನನ್ನನ್ನು ನಿಲ್ಲಿಸಿದರು. "ಸುಳ್ಳ ಹೇಳಿಸಿದ್ರಿ ಅಕ್ಕಾರ. ನಾಟಕ ಅಂದಮ್ಯಾಲ ನಿಮ್ಮ ತೀರ್ಪನೂ ನಾಟಕ ಆತಲ್ಲ."

ನೋವು, ಇಂಜೆಕ್ಷನ್ನಿನ ಮಂಪರು, ಹೆದರಿಕೆ ಎಲ್ಲ ಸೇರಿ ನನಗೆ ತಲೆ ಕೆಟ್ಟಿತು. "ಮುರದ ಎಲಬು ನನ್ನದು. ಇದೂ ನಾಟಕ ಏನ್ರಿ?" ಎಂದು ಜೋಲಿಯಲ್ಲಿದ್ದ ಕೈ ತೋರಿಸಿದೆ. "ಒಳಗ ಹೇಳಿದ್ದು ಹೊಟ್ಟಿಪಾಡು. ಕಣದಾಗ ಹೇಳಿದ್ದು ತೀರ್ಪು. ಅದನ್ನ ನಾ ಹಿಂದ ತಗೊಳ್ಳಂಗಿಲ್ಲ."

 ನಾನು ಟ್ಯಾಕ್ಸಿ ಹತ್ತುವವರೆಗೆ ಅವರು ಬಾಗಿಲು ಹಿಡಿದು ನಿಂತಿದ್ದರು.

ದೋಣಿಯವನ ಮೂಳೆಗಳು ಕೂಡಿಕೊಳ್ಳುವ ತನಕ ಸೇತುವೆಯ ಆಟ ನಿಂತಿತು. ಮತ್ತೆ ಶುರು ಮಾಡುವ ದಿನ ಮ್ಯಾನೇಜರ್ ನಮ್ಮನ್ನೆಲ್ಲ ಕರೆದರು. ಸೇತುವೆಗೆ ದಪ್ಪ ರಬ್ಬರ್ ಹಾಸಿಸಿದ್ದರು, ತೊಡೆ ತಟ್ಟುವುದು ಬೇಡವೆಂದೂ ಹೇಳಿದರು. ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು. "ಉಳಿದದ್ದು ಹಳೇ ಹಾಗೇ. ನೀವು ಬೀಳುವುದು, ಇವ ಗೆಲ್ಲುವುದು."

"ನಾ ಬೀಳಂಗಿಲ್ರಿ" ಎಂದರು ಪೈಲ್ವಾನರು. ದನಿ ಏರಿಸಲಿಲ್ಲ. "ಬರೋಬರಿ ಆದ ಜೋಡಿ ಇದು. ಒಬ್ಬಾಂವ ನಿಂತು ಒಬ್ಬಾಂವ ಬಿದ್ರ ತೀರ್ಪಿಗೆ ಅರ್ಥ ಏನ್ ಉಳೀತು? ಬ್ಯಾರೆ ಮಂದಿನ್ನ ನೋಡ್ಕೋರಿ. ನಾ ಪೈಪ್ ಹೊರತೀನಿ."

ಮ್ಯಾನೇಜರ್ ತಲೆಗೆ ಕೈಹೊತ್ತರು. "ಎಂತ ಸಾವು ಮಾರಾಯ್ರೆ! ಯಾರಾದ್ರೂ ಒಬ್ಬರು ಬೀಳ್ಲೇಬೇಕಲ್ಲ?"

ದೋಣಿಯವ ಇಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ. ಮೂಗು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಆ ದಿನದ ನಂತರ ಅವನು ಪೈಲ್ವಾನರ ಹತ್ತಿರ ಸುಳಿಯಲು ಹೆದರುತ್ತಿದ್ದ. ಈಗ ಎರಡು ಹೆಜ್ಜೆ ಮುಂದೆ ಬಂದ.

"ಅಣ್ಣಾ, ನಾನೂ ಬೀಳ್ತೇನೆ" ಎಂದ. "ಇಬ್ಬರೂ ಒಟ್ಟಿಗೆ ಬೀಳುವ. ಆಗ್ಬಹುದಾ?"

ಪೈಲ್ವಾನರು ಅವನ ಸೊಟ್ಟ ಮೂಗನ್ನು ನೋಡಿದರು. ಆಮೇಲೆ ವೇಷದ ಕೋಣೆಗೆ ಹೋದರು.

ನನ್ನ ಮೂಳೆ ಇನ್ನೂ ಕೂಡಿರಲಿಲ್ಲ; ಅವತ್ತು ಸಂಜೆ ಕೈಯನ್ನು ಜೋಲಿಗೆ ಹಾಕಿಕೊಂಡೇ ಗುಂಪನ್ನು ನಡೆಸಿದೆ. ಗುದ್ದಾಟದ ಸೇತುವೆಯ ಬಳಿ ಬಂದಾಗ ಪೈಲ್ವಾನರು ವೇಷ ತೊಟ್ಟು ನಿಂತಿದ್ದರು. ಪೆಟ್ಟುಗಳು ಬಿದ್ದವು, ಎದೆಗಳು ಸದ್ದು ಮಾಡಿದವು, ಹಿಂದಿನ ಸಾಲಿನವರು ಬೆಚ್ಚಿದರು. ಒಂದೊಂದು ಪೆಟ್ಟಿಗೂ ನನ್ನ ಮುರಿದ ಮೂಳೆ ಜುಮ್ಮೆನ್ನುತ್ತಿತ್ತು. ಕೊನೆಗೆ ಇಬ್ಬರೂ ತೆಕ್ಕೆ ಹಾಯ್ದರು. ಒಬ್ಬರನ್ನೊಬ್ಬರು ಬಿಡದೆ ಸೇತುವೆಯ ಅಂಚಿಗೆ ಬಂದರು, ಬಿಡದೆಯೇ ಬಿದ್ದರು. ಒಂದೇ ಸದ್ದಾಯಿತು. ನನಗೆ ಅಳು ಬಂತು, ಮುಖವಾಡ ಅಡ್ಡ ಹಿಡಿದೆ.

ಮುಂದಿನ ಸಾಲಿನ ಒಬ್ಬ ಹುಡುಗಿ, "ಬಟ್ ಹೂ ವನ್?" ಎಂದು ಕೇಳಿದಳು. ಮೀನುಗಾರರು ಗೆದ್ದರು ಎಂದು ಹೇಳುವುದು ನನಗೆ ಬಾಯಿಪಾಠವಾಗಿತ್ತು.  ಈಗ ಮೈಕ್ ತೆಗೆದುಕೊಳ್ಳದೆ "ಬರೋಬರಿ" ಎಂದೆ, ಕನ್ನಡದಲ್ಲೇ.

ಕಾಲುವೆಯಲ್ಲಿ ಎರಡು ತಲೆಗಳು ಮೇಲೆ ಬಂದಿದ್ದವು. ಪೈಲ್ವಾನರು ಮುಖದ ನೀರು ಒರೆಸಿಕೊಂಡು ನನ್ನ ಕಡೆ ನೋಡಿದರು.

"ಜೋರಾಗಿ ಹೇಳ್ರೀ, ಪಂಚರೇ" ಎಂದರು. "ಆಕಡಿ ದಂಡಿಯವ್ರಿಗೆ ಕೇಳಿಲ್ಲ."